ಮಕ್ಕಳ ಫುಟ್‌ಬಾಲ್‌ನಲ್ಲಿ ಚೆಂಡು ಯಾಕೆ ಗಾಳಿಗೆ ಏರುವುದಿಲ್ಲ?

2008ರ ಸೆಪ್ಟೆಂಬರ್ 21. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಪಂದ್ಯ. ಹಿಂದಿನ ವರ್ಷ ಮಯಾಮಿ 16 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಪೇಟ್ರಿಯಟ್ಸ್ ಲೀಗ್ ಹಂತದಲ್ಲಿ ಸತತ 21 ಪಂದ್ಯ ಗೆದ್ದು ಕೂತಿದ್ದರು. ಫಲಿತಾಂಶ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಅವತ್ತು ಮಯಾಮಿ ಒಂದು ವಿಚಿತ್ರ ಕೆಲಸ ಮಾಡಿತು. ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್‌ನನ್ನು ಮೈದಾನದ ಅಂಚಿಗೆ ಕಳಿಸಿ, ಓಟಗಾರ ರಾನಿ ಬ್ರೌನ್ ಕೈಗೇ ನೇರವಾಗಿ ಚೆಂಡು ಕೊಟ್ಟಿತು. ಆರೇ ಸಲ ಹೀಗೆ ಆಡಿ ನಾಲ್ಕು ಟಚ್‌ಡೌನ್ ಗಳಿಸಿತು, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿತು. ಕೊನೆಗೆ 38-13ರಿಂದ ಮಯಾಮಿ ಗೆದ್ದಿತು. ಈ ಆಟಕ್ಕೆ 'ವೈಲ್ಡ್‌ಕ್ಯಾಟ್' ಎಂದು ಹೆಸರು. ಆ ವರ್ಷವೆಲ್ಲ ಅದರದ್ದೇ ಮಾತು.

ನಗು ಬರುವ ವಿಷಯ ಏನಂದ್ರೆ, ಇದರಲ್ಲಿ ಹೊಸದು ಅಷ್ಟೇನೂ ಇರಲಿಲ್ಲ. ಇದರ ಅಜ್ಜನ ಹೆಸರು 'ಸಿಂಗಲ್ ವಿಂಗ್', ಹತ್ತಿರ ಹತ್ತಿರ ನೂರು ವರ್ಷ ಹಳೆಯದು. ದೊಡ್ಡವರು ಅದನ್ನು ಅಟ್ಟಕ್ಕೆ ಹಾಕಿ ಅರ್ಧ ಶತಮಾನವೇ ಕಳೆದಿತ್ತು. ಆದರೆ ಎಂಟು, ಒಂಬತ್ತು, ಹತ್ತು ವರ್ಷದ ಮಕ್ಕಳ ಕೆಲವು ತಂಡಗಳು ವಾರಾಂತ್ಯದ ಪಂದ್ಯಗಳಲ್ಲಿ ಅದನ್ನೇ ಆಡುತ್ತಿದ್ದವು.

ಈ ಆಟ ನೋಡದವರಿಗೆ ಎರಡು ಮಾತು. ಒಂದು ಕಡೆಗೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಯಾರ್ಡ್, ಅಂದರೆ ಸುಮಾರು 9 ಮೀಟರ್, ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಹೋಗಲು ಇರುವುದು ಎರಡೇ ದಾರಿ. ಚೆಂಡನ್ನು ಎಸೆದು ಇನ್ನೊಬ್ಬ ಹಿಡಿಯುವುದು, ಇಲ್ಲವೇ ಬಗಲಲ್ಲಿ ಇಟ್ಟುಕೊಂಡು ಓಡುವುದು. ಟಿವಿಯಲ್ಲಿ ಕಾಣುವ ಫುಟ್‌ಬಾಲ್ ಈಗ ಜಾಸ್ತಿ ಎಸೆಯುವ ಆಟ. ಮಕ್ಕಳ ಮೈದಾನಕ್ಕೆ ಹೋದರೆ ಓಟವೇ ಓಟ. ಇದು ಕೋಚ್‌ಗಳ ಹಠ ಎಂದು ದೂರುವ ಅಪ್ಪ ಅಮ್ಮಂದಿರು ಬೇಕಾದಷ್ಟು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಮೊದಲು ಇದು ಬರೀ ಓಟದ ಆಟವೇ ಆಗಿತ್ತು. ಮುಂದಕ್ಕೆ ಚೆಂಡು ಎಸೆಯುವುದಕ್ಕೆ ಅನುಮತಿಯೇ ಇರಲಿಲ್ಲ. 1882ರಲ್ಲಿ ವಾಲ್ಟರ್ ಕ್ಯಾಂಪ್ ತಂದ ನಿಯಮದಂತೆ ಮೂರು ಅವಕಾಶದಲ್ಲಿ 5 ಯಾರ್ಡ್ ಹೋದರೆ ಸಾಕಿತ್ತು. ಅಷ್ಟು ಕಡಿಮೆ ದೂರಕ್ಕೆ ಯಾರು ಜಾಣತನ ಖರ್ಚು ಮಾಡುತ್ತಾರೆ? ಎಲ್ಲರೂ ಒಟ್ಟಾಗಿ ನುಗ್ಗುವುದು, ಅಷ್ಟೇ. 1892ರಲ್ಲಿ ಯೇಲ್ ವಿರುದ್ಧ ಹಾರ್ವರ್ಡ್ ತಂಡ 'ಫ್ಲೈಯಿಂಗ್ ವೆಡ್ಜ್' ಇಳಿಸಿತು. ಎರಡು ಗುಂಪು ದೂರದಿಂದ ಓಡಿ ಬಂದು, ಬೆಣೆಯ ಆಕಾರದಲ್ಲಿ ಸೇರಿ, ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ಎದುರಾಳಿಗಳ ಮೇಲೆ ಬೀಳುವುದು. ಇದನ್ನು ಕಂಡುಹಿಡಿದ ಲೊರಿನ್ ಡಿಲ್ಯಾಂಡ್ ಚೆಸ್ ಪ್ರಿಯ. ಸ್ವತಃ ಫುಟ್‌ಬಾಲ್ ಆಡಿದವನೇ ಅಲ್ಲ! ಪೆಟ್ಟು ತಿನ್ನುವವರು ಬೇರೆಯವರು ತಾನೇ. ಎರಡೇ ವರ್ಷದಲ್ಲಿ ಅದಕ್ಕೆ ನಿಷೇಧ ಬಂತು. ಆದರೆ ಗುಂಪಾಗಿ ನುಗ್ಗುವ ಚಟ ಹೋಗಲಿಲ್ಲ.

1905ರ ಒಂದೇ ಸೀಸನ್‌ನಲ್ಲಿ ಕನಿಷ್ಠ 18 ಆಟಗಾರರು ಸತ್ತರು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮುಂದಿನ ವರ್ಷ ನಿಯಮ ಬದಲಾಯಿತು. 5 ಯಾರ್ಡ್ ಇದ್ದದ್ದು 10 ಆಯಿತು, ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಅಂದರೆ ಪಾಸ್ ಹುಟ್ಟಿದ್ದು ಚಂದಕ್ಕಲ್ಲ, ಆಟಗಾರರು ಒಂದೇ ಕಡೆ ರಾಶಿ ಬೀಳದೆ ಮೈದಾನದಲ್ಲಿ ಹರಡಿಕೊಳ್ಳಲಿ ಎಂದು.

ಹಾಗೆಂದು ಮರುದಿನವೇ ಎಲ್ಲರೂ ಎಸೆಯಲು ಶುರು ಮಾಡಲಿಲ್ಲ. ಯಾರಿಗೂ ತಾಗದೆ ಪಾಸ್ ನೆಲಕ್ಕೆ ಬಿದ್ದರೆ ಚೆಂಡು ಎದುರಾಳಿಗೆ ಹೋಗುತ್ತಿತ್ತು. ಚೆಂಡು ಕೂಡ ಈಗಿನ ಹಾಗೆ ತೆಳ್ಳಗಿರಲಿಲ್ಲ, ಹೊಟ್ಟೆ ಉಬ್ಬಿದ ಕುಂಬಳಕಾಯಿ ತರಹ ಇತ್ತು. ಅದನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ತಿರುಗಿಸಿ ಎಸೆಯುವುದು ಗಟ್ಟಿ ಆಳುಗಳಿಗೂ ಕಷ್ಟ. 1912ರಲ್ಲಿ ಒಮ್ಮೆ, 1934ರಲ್ಲಿ ಇನ್ನೊಮ್ಮೆ ಚೆಂಡಿನ ಹೊಟ್ಟೆ ಕರಗಿಸಿದ ಮೇಲೆಯೇ ಪಾಸ್‌ಗೆ ಜೀವ ಬಂದದ್ದು.

ಈಗ ಒಂಬತ್ತು ವರ್ಷದ ಹುಡುಗನ ಅಂಗೈ ನೆನಪಿಸಿಕೊಳ್ಳಿ. ಅವನಿಗೆ ಇವತ್ತಿನ ಚೆಂಡೂ ಕುಂಬಳಕಾಯಿಯೇ. ಮಕ್ಕಳಿಗೆಂದು ಸಣ್ಣ ಅಳತೆಯ ಚೆಂಡು ಇದೆ, ನಿಜ. ಅದೂ ಅವರ ಬೆರಳಿಗೆ ಸಲೀಸಲ್ಲ. ಅಂದರೆ ಆ ಹುಡುಗ ಇನ್ನೂ 1906ರಲ್ಲೇ ಇದ್ದಾನೆ. ಅವನ ಕೋಚ್ ಕೂಡ ಬೇರೆ ದಾರಿ ಕಾಣದೆ ಅಲ್ಲೇ ಇದ್ದಾರೆ.

ಆ ಕಾಲದ ದೊಡ್ಡ ಕೋಚ್ ಗ್ಲೆನ್ ವಾರ್ನರ್, ಎಲ್ಲರ ಬಾಯಲ್ಲಿ 'ಪಾಪ್' ವಾರ್ನರ್. ಅವರು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯಲ್ಲಿ ಕೋಚ್ ಆಗಿದ್ದರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರೆ ಮಾಡಿ, ಕೂದಲು ಕತ್ತರಿಸಿ, ಅವರ ಭಾಷೆ ಬಿಡಿಸಿದ ಶಾಲೆ ಅದು. ಆ ಕಥೆ ಬೇರೆಯೇ, ಇಲ್ಲಿ ಎರಡು ಸಾಲಲ್ಲಿ ಮುಗಿಯುವಂಥದ್ದಲ್ಲ. ಆಟದ ಮಟ್ಟಿಗೆ ಹೇಳುವುದಾದರೆ, ಆ ಹುಡುಗರು ದೊಡ್ಡ ವಿಶ್ವವಿದ್ಯಾಲಯಗಳ ಆಟಗಾರರಿಗಿಂತ ಮೈಕಟ್ಟಿನಲ್ಲಿ ಸಣ್ಣವರು. ನೇರ ತಳ್ಳಾಟದಲ್ಲಿ ಗೆಲ್ಲುವಂತಿರಲಿಲ್ಲ. ವಾರ್ನರ್ ಅವರು ಕೋನ ಹುಡುಕಿದರು. ಒಂದು ಕಡೆಗೆ ಜಾಸ್ತಿ ಜನ ನಿಲ್ಲಿಸುವುದು, ಎದುರಾಳಿಯ ಒಬ್ಬನಿಗೆ ನಮ್ಮ ಇಬ್ಬರು, ಓಡುವವನ ಕೈಗೇ ನೇರ ಚೆಂಡು. ಇದೇ ಸಿಂಗಲ್ ವಿಂಗ್. 1912ರಲ್ಲಿ ಒಲಿಂಪಿಕ್ ಚಾಂಪಿಯನ್ ಜಿಮ್ ಥಾರ್ಪ್ ಇದ್ದ ಕಾರ್ಲೈಲ್ ತಂಡ ಸೇನಾ ಅಕಾಡೆಮಿಯ ತಂಡವನ್ನು 27-6ರಿಂದ ಸೋಲಿಸಿತು. ಸೋತ ತಂಡದಲ್ಲಿ ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ಆಡಿದ್ದರು. ಇದೇ ವಾರ್ನರ್ ಅವರ ಕಾರ್ಲೈಲ್, 1907ರಲ್ಲಿ ಪಾಸ್ ಅನ್ನು ಚೆನ್ನಾಗಿ ಬಳಸಿದ ಮೊದಲ ತಂಡಗಳಲ್ಲಿ ಒಂದು. ಓಟವೇ ದೇವರು ಎಂದು ಅವರು ಕೂತಿರಲಿಲ್ಲ.

ಮಕ್ಕಳ ಫುಟ್‌ಬಾಲ್‌ಗೆ ಅವರ ಹೆಸರು ಅಂಟಿಕೊಂಡದ್ದು ಒಂದು ಮಳೆಯಿಂದ. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಡುಗರು ಕಲ್ಲೆಸೆದು ಕಾರ್ಖಾನೆಯ ಕಿಟಕಿ ಗಾಜು ಒಡೆಯುತ್ತಿದ್ದರು. ಮಾಲೀಕರು ಜೋ ಟಾಮ್ಲಿನ್ ಎಂಬ ಯುವಕನ ಬಳಿ ಏನಾದರೂ ಮಾಡಪ್ಪಾ ಎಂದರು. ಅವರು ನಾಲ್ಕು ತಂಡಗಳ ಫುಟ್‌ಬಾಲ್ ಲೀಗ್ ಕಟ್ಟಿದರು. 1934ರ ಏಪ್ರಿಲ್‌ನಲ್ಲಿ ಹುಡುಗರಿಗೆ ಪಾಠ ಹೇಳಲು ಹತ್ತಾರು ಕೋಚ್‌ಗಳನ್ನು ಕರೆದಿದ್ದರು. ಆ ಸಂಜೆ ಆಲಿಕಲ್ಲು ಬೆರೆತ ಮಳೆ, ಗಾಳಿ. ಹೆಸರಾಂತರಲ್ಲಿ ಬಂದದ್ದು ಒಬ್ಬರೇ, ಹಿಂದಿನ ವರ್ಷವಷ್ಟೇ ಟೆಂಪಲ್ ವಿಶ್ವವಿದ್ಯಾಲಯ ಸೇರಿದ್ದ ವಾರ್ನರ್. ಅಂದೇ ಲೀಗ್‌ಗೆ ಅವರ ಹೆಸರು ಇಟ್ಟರಂತೆ. ಇಂದು 'ಪಾಪ್ ವಾರ್ನರ್' ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್‌ಗೆ ಇರುವ ಬಹಳ ದೊಡ್ಡ ಹೆಸರು.

ದೊಡ್ಡವರ ಆಟ ಮಾತ್ರ ಬೇರೆ ಕಡೆಗೆ ಹೊರಟಿತ್ತು. 1940ರ ಎನ್‌ಎಫ್‌ಎಲ್ ಫೈನಲ್‌ನಲ್ಲಿ ಆಟಗಾರರನ್ನು 'ಟಿ' ಎಂಬ ಬೇರೆ ಕ್ರಮದಲ್ಲಿ ನಿಲ್ಲಿಸಿ ಆಡಿದ ಶಿಕಾಗೊ ಬೇರ್ಸ್ ವಾಷಿಂಗ್ಟನ್ ತಂಡವನ್ನು 73-0ರಿಂದ ಮುಗಿಸಿತು. ಆಮೇಲೆ ಸಿಂಗಲ್ ವಿಂಗ್ ಕೇಳುವವರಿಲ್ಲ. ಪಿಟ್ಸ್‌ಬರ್ಗ್ ಒಂದೇ ತಂಡ 1952ರ ಹೊತ್ತಿನವರೆಗೆ ಹಿಡಿದುಕೊಂಡಿತ್ತು. 1978ರಲ್ಲಿ ಪಾಸ್ ಹಿಡಿಯುವವರನ್ನು ತಡೆಯುವುದಕ್ಕೆ ಮಿತಿ ಹಾಕಿದ ಮೇಲಂತೂ ದೊಡ್ಡ ಲೀಗ್ ಪೂರ್ತಿ ಗಾಳಿಗೆ ಏರಿತು.

ಓಟದ ವಿದ್ಯೆ ಸಾಯಲಿಲ್ಲ, ಸಣ್ಣ ಊರುಗಳಿಗೆ ಇಳಿಯಿತು. ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಡೇವ್ ನೆಲ್ಸನ್, ಅವರ ನಂತರ ಟಬ್ಬಿ ರೇಮಂಡ್, 'ವಿಂಗ್-ಟಿ' ಬೆಳೆಸಿದರು. ಹಿಂದಿನ ಸಾಲು ಪ್ರತಿ ಸಲವೂ ಒಂದೇ ಥರ ಹೊರಡುತ್ತದೆ, ಚೆಂಡು ಮಾತ್ರ ಮೂವರಲ್ಲಿ ಯಾರ ಕೈಗೆ ಹೋಯಿತು ಎಂದು ಎದುರಾಳಿಗೆ ತಿಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೂರು ಎಲೆ ಆಡಿಸುವವನ ಕೈಚಳಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ಯಾಲಿಫೋರ್ನಿಯಾದ ಡಾನ್ ಮಾರ್ಕಮ್ ಇನ್ನೂ ಒಂದು ಹೆಜ್ಜೆ ಹೋಗಿ 'ಡಬಲ್ ವಿಂಗ್' ಆಡಿಸಿದರು. ಎದುರಾಳಿಯನ್ನು ತಡೆಯಲು ಮುಂದೆ ಸಾಲಾಗಿ ನಿಲ್ಲುವ ಹುಡುಗರ ನಡುವೆ ಜಾಗವೇ ಇಲ್ಲ, ಪಾದಕ್ಕೆ ಪಾದ ತಾಗಿಸಿ ನಿಲ್ಲುತ್ತಾರೆ. 1994ರಲ್ಲಿ ಅವರ ಬ್ಲೂಮಿಂಗ್ಟನ್ ಹೈಸ್ಕೂಲ್ ಒಂದೇ ಸೀಸನ್‌ನಲ್ಲಿ 880 ಪಾಯಿಂಟ್ ಗಳಿಸಿತು, ಬಹುಪಾಲು ಓಡಿಯೇ. ಇದನ್ನು ನೋಡಿದ ಮಕ್ಕಳ ಕೋಚ್‌ಗಳು ಸುಮ್ನೆ ಬಿಡುತ್ತಾರಾ?

ಅವರ ಲೆಕ್ಕ ಸರಳ. ಸಲಕ್ಕೆ 3 ಯಾರ್ಡ್ ಬಂದರೂ ನಾಲ್ಕು ಸಲಕ್ಕೆ 12. ಸಾಕು. ಪಾಸ್ ಕೈತಪ್ಪಿದರೆ ಸೊನ್ನೆ, ಎದುರಾಳಿ ಹಿಡಿದರೆ ಇನ್ನೂ ಕೆಟ್ಟದು. ಒಂದು ಪಾಸ್ ಸರಿಯಾಗಬೇಕಾದರೆ ಒಬ್ಬ ಚೆಂಡು ಹಿಂದಕ್ಕೆ ಕೊಡಬೇಕು, ಐವರು ತಡೆದು ನಿಲ್ಲಬೇಕು, ಒಬ್ಬ ಹೇಳಿದ ದಾರಿಯಲ್ಲೇ ಓಡಬೇಕು, ಒಬ್ಬ ಎಸೆಯಬೇಕು, ಆ ಓಡಿದವನು ಹಿಡಿಯಬೇಕು. ಇಷ್ಟೆಲ್ಲ ಎರಡು ಮೂರು ಸೆಕೆಂಡಿನಲ್ಲಿ. ಆಫೀಸು ಮುಗಿಸಿ ಬಂದ ಅಪ್ಪನೇ ಕೋಚ್, ವಾರಕ್ಕೆ ಎರಡು ಮೂರು ಸಂಜೆ ಅಭ್ಯಾಸ, ನವೆಂಬರ್ ಚಳಿಯಲ್ಲಿ ಮರಗಟ್ಟಿದ ಬೆರಳು.

ಆದರೆ ಓಟದ ಹೆಸರಲ್ಲಿ ಸೋಮಾರಿತನವೂ ನಡೆಯುತ್ತದೆ. ತಂಡದ ಅತಿ ವೇಗದ ಹುಡುಗನಿಗೆ ಚೆಂಡು ಕೊಟ್ಟು, ಅಂಚಿನಿಂದ ಸುತ್ತಿ ಓಡು ಎನ್ನುವುದು. ಎಂಟು ವರ್ಷದವರಲ್ಲಿ ಇದೊಂದರಿಂದಲೇ ಸೀಸನ್ ಗೆಲ್ಲಬಹುದು. ಹನ್ನೊಂದು, ಹನ್ನೆರಡಕ್ಕೆ ಬರುವಾಗ ಎದುರಿನ ಹುಡುಗರೂ ಅಷ್ಟೇ ವೇಗ ಓಡುತ್ತಾರೆ. ಆಗ ಉಳಿದ ಹತ್ತು ಮಂದಿಗೆ ಏನೂ ಗೊತ್ತಿರುವುದಿಲ್ಲ. ಇದನ್ನು ನಾನು ಕೋಚಿಂಗ್ ಎಂದು ಕರೆಯಲಾರೆ.

ನಿಜವಾಗಿ ಓಟ ಕಲಿಸುವವರು ಶುರು ಮಾಡುವುದು ಸಾಲಿನ ಹುಡುಗರಿಂದ, ಚೆಂಡು ಹಿಡಿಯುವವನಿಂದಲ್ಲ. ಎತ್ತನ್ನು ಎದುರಿಗೆ ನಿಂತು ತಳ್ಳಿದರೆ ಅಲ್ಲಾಡುವುದಿಲ್ಲ, ಮಗ್ಗುಲಿಂದ ದೂಡಿದರೆ ಒಂದು ಹೆಜ್ಜೆ ಸರಿಯಲೇಬೇಕು. ಮಕ್ಕಳ ತಂಡಗಳ ಬ್ಲಾಕಿಂಗ್‌ನ, ಅಂದರೆ ಎದುರಾಳಿಯನ್ನು ತಡೆದು ದಾರಿ ಬಿಡಿಸುವುದರ, ಗುಟ್ಟು ಇಷ್ಟೇ. 'ಪವರ್' ಎಂಬ ಆಟದಲ್ಲಿ ಬಲಗಡೆಯ ಹುಡುಗರೆಲ್ಲ ಒಳಮುಖವಾಗಿ ಪಕ್ಕದ ಎದುರಾಳಿಯನ್ನು ದೂಡುತ್ತಾರೆ. ಹಿಂದಿನ ಸಾಲಿನ ಫುಲ್‌ಬ್ಯಾಕ್ ಅಂಚಿನಲ್ಲಿ ನಿಂತ ಎದುರಾಳಿಯನ್ನು ಹೊರಗೆ ತಳ್ಳುತ್ತಾನೆ. ನಡುವೆ ಬಾಗಿಲು ತೆರೆಯುತ್ತದೆ. ಮುಂದಿನ ಸಾಲಿನ ಎಡಗಡೆಯ ಹುಡುಗ, ಅಂದರೆ ಗಾರ್ಡ್, ಸಾಲಿನಿಂದ ಹಿಂದೆ ಸರಿದು, ಬಲಕ್ಕೆ ಓಡಿ, ಆ ಬಾಗಿಲಲ್ಲಿ ಮೊದಲು ನುಗ್ಗುತ್ತಾನೆ. ಚೆಂಡು ಹಿಡಿದವನು ಅವನ ಬೆನ್ನಿಗೆ. 35 ಕೆಜಿ ಹುಡುಗ 50 ಕೆಜಿಯವನನ್ನು ಸರಿಸಿದ್ದನ್ನು ಆಗ ನೋಡಬೇಕು.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ದಪ್ಪ ಹುಡುಗರಿಗೆ ಸಿಗುವ ಪಾತ್ರ. ಹಲವು ಲೀಗ್‌ಗಳಲ್ಲಿ ಇಂತಿಷ್ಟು ತೂಕ ಮೀರಿದ ಹುಡುಗ ಚೆಂಡು ಹಿಡಿದು ಓಡುವಂತಿಲ್ಲ, ಗುರುತಿಗೆ ಹೆಲ್ಮೆಟ್ ಮೇಲೆ ಪಟ್ಟಿ ಅಂಟಿಸುತ್ತಾರೆ. ಪಾಸ್ ಆಡುವ ತಂಡದಲ್ಲಿ ಅವನ ಕೆಲಸ ಹಿಂದೆ ಹಿಂದೆ ಹೆಜ್ಜೆ ಇಟ್ಟು ತಡೆಯುವುದು. ಓಟದ ತಂಡದಲ್ಲಿ ಅವನೇ ದಾರಿ ತೋರಿಸುವ ಗಾರ್ಡ್. ಬೇಸಿಗೆಯಲ್ಲಿ ಹೈಸ್ಕೂಲ್ ಹುಡುಗರು ಆಡುವ 'ಸೆವೆನ್ ಆನ್ ಸೆವೆನ್' ಪಾಸ್ ಪಂದ್ಯಗಳಲ್ಲಿ ಅವನಿಗೆ ಜಾಗವೇ ಇಲ್ಲ, ಅಲ್ಲಿ ಆ ಸಾಲೇ ಇರುವುದಿಲ್ಲ.

ಎದುರು ವಾದದಲ್ಲೂ ಹುರುಳಿದೆ. ಹೈಸ್ಕೂಲ್‌ಗಳು ಈಗ ಹರಡಿಕೊಂಡು ಪಾಸ್ ಆಡುತ್ತವೆ, ಚಿಕ್ಕಂದಿನಲ್ಲಿ ಒಮ್ಮೆಯೂ ಚೆಂಡು ಹಿಡಿಯದ ಹುಡುಗ ಅಲ್ಲಿ ಏನು ಮಾಡಬೇಕು? ಇನ್ನೊಂದು ಕೊರಗು ಇದಕ್ಕಿಂತ ದೊಡ್ಡದು. ಪಾಪ್ ವಾರ್ನರ್ ನಿಯಮದಂತೆ ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಆಟ ಕೊಡಲೇಬೇಕು. ಕೆಲವು ಓಟದ ಕೋಚ್‌ಗಳು ಆಡಲು ಬಾರದ ಹುಡುಗನನ್ನು ದೂರದ ಅಂಚಿನಲ್ಲಿ ರಿಸೀವರ್, ಅಂದರೆ ಪಾಸ್ ಹಿಡಿಯುವವನು, ಎಂದು ನಿಲ್ಲಿಸಿ ಲೆಕ್ಕ ಭರ್ತಿ ಮಾಡುತ್ತಾರೆ. ಚೆಂಡು ಅತ್ತ ಬರುವುದೇ ಇಲ್ಲ. ನಿಯಮ ಪಾಲಿಸಿದಂತಾಯಿತು, ಹುಡುಗ ಆಡಲಿಲ್ಲ.

ತಲೆಪೆಟ್ಟಿನ ಭಯ ಬಂದ ಮೇಲೆ ಈ ಚರ್ಚೆಯ ಬಣ್ಣವೇ ಬದಲಾಯಿತು. 2012ರಲ್ಲಿ ಪಾಪ್ ವಾರ್ನರ್ ಅಭ್ಯಾಸದಲ್ಲಿ ಮೈಗೆ ಮೈ ತಾಗುವ ಸಮಯಕ್ಕೆ ಮಿತಿ ಹಾಕಿತು. 2016ರಲ್ಲಿ ಚಿಕ್ಕ ವಯಸ್ಸಿನವರ ಕಿಕ್‌ಆಫ್, ಅಂದರೆ ಚೆಂಡು ದೂರ ಒದ್ದು ಆಟ ಶುರು ಮಾಡುವುದನ್ನು, ತೆಗೆಯಿತು. 2019ರಲ್ಲಿ ಅದೇ ಚಿಕ್ಕವರಿಗೆ ಒಂದು ಕೈ ನೆಲಕ್ಕೂರಿ ತಲೆ ಮುಂದಿಟ್ಟು ಕೂರುವ ಭಂಗಿ ನಿಲ್ಲಿಸಿತು. ಕೊನೆಯದು ಓಟದ ಕೋಚ್‌ಗಳಿಗೆ ನೇರ ಹೊಡೆತ. ಕೆಳಗಿಂದ ಮೇಲಕ್ಕೆ ಎದ್ದು ತಳ್ಳುವುದು ಅವರ ಪಾಠದ ಮೊದಲ ಪುಟ. ಈಗ ಅದನ್ನು ಎದ್ದು ನಿಂತೇ ಕಲಿಸಬೇಕು.

ಇತ್ತ ದೊಡ್ಡವರು ಮಾತ್ರ ಮತ್ತೆ ಬೆಣೆಯ ಕಡೆ ತಿರುಗಿದ್ದಾರೆ. ಫಿಲಡೆಲ್ಫಿಯಾ ಈಗಲ್ಸ್ ತಂಡ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದಿನಿಂದ ದೂಡಿ ಒಂದು ಯಾರ್ಡ್ ಗಳಿಸುವುದಕ್ಕೆ 'ಟಶ್ ಪುಶ್' ಎಂದು ಹೆಸರು. 2025ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಲು 32 ತಂಡಗಳಲ್ಲಿ 24ರ ಬೆಂಬಲ ಬೇಕಿತ್ತು, ಸಿಕ್ಕಿದ್ದು 22. ಫ್ಲೈಯಿಂಗ್ ವೆಡ್ಜ್‌ನ ಡಿಲ್ಯಾಂಡ್ ಇದ್ದಿದ್ದರೆ ಮೀಸೆಯಲ್ಲೇ ನಗುತ್ತಿದ್ದರೇನೋ.

ಮಕ್ಕಳ ಆಟದ ಮುಂದಿನ ತಿರುವು ನಮ್ಮ ದೇಶದಲ್ಲೇ ಒಂದು ಸಭೆಯಲ್ಲಿ ಕಾಣಿಸಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿತು. ನಾವೆಲ್ಲ ಆ ಖುಷಿಯಲ್ಲಿದ್ದಾಗ ಅದೇ ಪಟ್ಟಿಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇತ್ತು. ಇದರಲ್ಲಿ ಬೀಳಿಸುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಆಯಿತು. ಒಂದು ಕಡೆಗೆ ಐದೇ ಜನ. ಬ್ಲಾಕಿಂಗ್ ಇಲ್ಲ. ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಕೂಡ ಓಡಿ ಹೋಗಿ ಪಾಸ್ ಹಿಡಿಯಬಹುದು. ಗೋಲ್ ಗೆರೆಗೆ 5 ಯಾರ್ಡ್ ಇರುವಾಗ ಚೆಂಡು ಹಿಡಿದು ಓಡುವ ಆಟವನ್ನೇ ಆಡಿಸುವಂತಿಲ್ಲ, ಎಸೆಯಲೇಬೇಕು. ಓಟದ ಕೋಚ್‌ಗಳು ಕಣ್ಣು ಮುಚ್ಚಿ ನುಗ್ಗಿಸುತ್ತಿದ್ದ ಜಾಗ ಅದೇ.

ಹಾಗಾಗಿ ಅಲ್ಲಿ ಒಂಬತ್ತು ವರ್ಷದವರೂ ಎಸೆಯುತ್ತಾರೆ. ಆ ಅಂಗೈಗೆ ಹಿಡಿತ ಸಿಗಲಿ ಎಂದು ಸಣ್ಣ ಚೆಂಡು ಕೊಡುತ್ತಾರೆ. ಆದರೂ ಎಷ್ಟೋ ಸಲ ಅದು ನಾಲ್ಕು ಹೆಜ್ಜೆ ದೂರದಲ್ಲೇ ಪುಟಿಯುತ್ತದೆ.