ಓವರ್-ಆಪ್ಟಿಮಿಸ್ಟಿಕ್: ಇನ್ನು ನಾಲ್ಕು ಕೋಲು ಹೋದರೆ ನೀರು

ಸರಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆಗೆ ಓದುವವರ ಪದಪಟ್ಟಿಯಲ್ಲಿ ಈ ಪದದ ಎದುರು ‘ಅತಿ ಆಶಾವಾದಿ’ ಎಂದಿರುತ್ತದೆ. ತಪ್ಪಲ್ಲ. ಆದರೆ ಅಷ್ಟನ್ನೇ ಬಾಯಿಪಾಠ ಮಾಡಿ ಹೋದರೆ ವಾಕ್ಯದಲ್ಲಿ ಸಿಕ್ಕಿಬೀಳುತ್ತೇವೆ. ‘ಓವರ್-ಆಪ್ಟಿಮಿಸ್ಟಿಕ್ ಎಸ್ಟಿಮೇಟ್’ ಎಂಬುದಕ್ಕೆ ನಾನೊಮ್ಮೆ ‘ಅತಿ ಆಶಾವಾದಿ ಅಂದಾಜು’ ಎಂದು ಬರೆದಿದ್ದೆ. ಅಂದಾಜಿಗೆ ಎಲ್ಲಿಯ ವಾದ!

ಮೊದಲು ಬೇರು. ಲ್ಯಾಟಿನ್ನಿನ ‘ಆಪ್ಟಿಮಸ್’ ಎಂದರೆ ಅತ್ಯುತ್ತಮ. ಇರಬಹುದಾದ ಲೋಕಗಳಲ್ಲೆಲ್ಲ ನಮ್ಮದೇ ಅತ್ಯುತ್ತಮ ಎಂದು ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ವಾದಿಸಿದ. ಆ ವಾದಕ್ಕೆ ಫ್ರೆಂಚರು ‘ಆಪ್ಟಿಮಿಸಮ್’ ಎಂದು ಹೆಸರಿಟ್ಟರು. 1759ರಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಅದನ್ನು ಚೆನ್ನಾಗಿ ಗೇಲಿ ಮಾಡಿದ. ಆಮೇಲೆ ಪದ ಮೆತ್ತಗಾಗಿ ‘ಒಳ್ಳೆಯದಾದೀತು ಎಂಬ ನಂಬಿಕೆ’ಗೆ ಬಂದು ನಿಂತಿತು. ಮಲಯಾಳದ ‘ಶುಭಾಪ್ತಿವಿಶ್ವಾಸಂ’ ಇದನ್ನೇ ಹೇಳುತ್ತದೆ. ಆದರೆ ಅಲ್ಲಿನ ‘ವಿಶ್ವಾಸ’ ನಂಬಿಕೆ, ನಾವು ‘ನಿಮ್ಮ ವಿಶ್ವಾಸಿ’ ಎಂದು ಕಾಗದದ ಕೊನೆಗೆ ಬರೆಯುವ ಪ್ರೀತಿಯಲ್ಲ. ಕನ್ನಡ, ಮಲಯಾಳ ಎರಡರ ನಡುವೆ ಓದುವ ಕಾಸರಗೋಡಿನ ನಾವು ಇಂಥಲ್ಲಿ ಕಾಲು ನೋಡಿ ಇಡಬೇಕು.

ಈಗ ‘ಓವರ್’. ಇದು ಆಸೆ ಎಷ್ಟು ದೊಡ್ಡದು ಎಂದು ಅಳೆಯುವುದಿಲ್ಲ. ಕೈಯಲ್ಲಿರುವ ಆಧಾರವನ್ನು ಎಷ್ಟು ದಾಟಿತು ಎಂದು ಅಳೆಯುತ್ತದೆ. ನಮ್ಮ ಬದಿಯಡ್ಕದ ಕಡೆ ಗುಡ್ಡಕ್ಕೆ ಸುರಂಗ ಕೊರೆದು ನೀರು ತರುವುದುಂಟಲ್ಲ, ಅದರ ಲೆಕ್ಕ ಕೋಲಿನಲ್ಲಿ. ಒಂದು ಕೋಲು ಸುಮಾರು ಎರಡೂವರೆ ಅಡಿ. ಅಜ್ಜ ಕೊರೆಸಿದ ಸುರಂಗದಲ್ಲಿ ಮೇಸ್ತ್ರಿ ಮೋಂಬತ್ತಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಅಗೆಯುತ್ತಿದ್ದ. ಒಂದು ದಿನ ಮಣ್ಣಿನ ಹೆಂಟೆ ತಂದು ಅಜ್ಜನ ಮುಂದೆ ಹಿಂಡಿದ. ಬೆರಳ ಸಂದಿಯಲ್ಲಿ ಪಸೆ ಕಂಡಿತು. “ಅಣ್ಣೇರೆ, ಇನ್ನು ನಾಲ್ಕು ಕೋಲು” ಎಂದ. ಅಲ್ಲಿಯವರೆಗೆ ಅವನು ಆಪ್ಟಿಮಿಸ್ಟಿಕ್. ಪಸೆ ಆರಿ, ಮುರಕಲ್ಲು ಒಣಗಿ ಪುಡಿಪುಡಿಯಾಗಿ ಉದುರತೊಡಗಿದ ಮೇಲೂ ಅದೇ ನಾಲ್ಕು ಕೋಲು ಹೇಳುತ್ತಿದ್ದನಲ್ಲ, ಓವರ್ ಸೇರಿಕೊಂಡದ್ದು ಆಗ.

ಹಾಗಾಗಿ ಈ ಪದ ಬಹುಪಾಲು ಹಿಂತಿರುಗಿ ನೋಡಿ ಆಡುವ ಮಾತು. ‘ಪ್ರೂವ್ಡ್ ಓವರ್-ಆಪ್ಟಿಮಿಸ್ಟಿಕ್’, ‘ಟರ್ನ್ಡ್ ಔಟ್ ಟು ಬಿ ಓವರ್-ಆಪ್ಟಿಮಿಸ್ಟಿಕ್’ ಎಂದೇ ಹೆಚ್ಚು ಕಾಣುವುದು. ಸಿಡ್ನಿಯ ಒಪೆರಾ ಹೌಸ್ 70 ಲಕ್ಷ ಡಾಲರಿನಲ್ಲಿ 1963ಕ್ಕೆ ಮುಗಿಯುತ್ತದೆ ಎಂದಿದ್ದರು. ಮುಗಿದದ್ದು 1973ರಲ್ಲಿ, 10 ಕೋಟಿ 20 ಲಕ್ಷಕ್ಕೆ. ಇಂಥ ಎಸ್ಟಿಮೇಟಿಗೆ ಕನ್ನಡದಲ್ಲಿ ‘ನೆಲ ಬಿಟ್ಟ ಲೆಕ್ಕ’ ಎನ್ನಿ. ಮನುಷ್ಯನಿಗಾದರೆ ‘ಅತಿಯಾಗಿ ನೆಚ್ಚಿಕೊಂಡ’ ಸಾಕು. ‘ಅತಿಯಾಸೆ’ ಮಾತ್ರ ಬೇಡ, ಅದು ದುರಾಸೆಯ ಮನೆ. ಗಾದೆಯೇ ಬೇಕೆಂದರೆ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಇದೆ.

‘ಓವರ್-ಕಾನ್ಫಿಡೆಂಟ್’ ಜೊತೆ ಕಲಸಬೇಡಿ. ಅದು ‘ನನ್ನಿಂದಾಗುತ್ತದೆ’ ಎಂಬ ಹಮ್ಮು. ಇದು ‘ಹೇಗೂ ಆಗುತ್ತದೆ’ ಎಂಬ ನೆಚ್ಚಿಕೆ. ಮೇಸ್ತ್ರಿಗೆ ತನ್ನ ಪಿಕಾಸಿಯ ಮೇಲೆ ಹಮ್ಮಿರಲಿಲ್ಲ, ಗುಡ್ಡದ ಮೇಲೆ ನಂಬಿಕೆಯಿತ್ತು. ಪದದ ಮುಂದೆ ‘ಅಬೌಟ್’ ಬರುತ್ತದೆ: ‘ಓವರ್-ಆಪ್ಟಿಮಿಸ್ಟಿಕ್ ಅಬೌಟ್ ದಿ ವಾಟರ್’. ನಡುವಿನ ಅಡ್ಡಗೆರೆ ಬ್ರಿಟಿಷರ ರೂಢಿ, ಅಮೆರಿಕದವರು ಸೇರಿಸಿಯೇ ಬರೆಯುತ್ತಾರೆ.

ಇಂಗ್ಲಿಷಿನವರು ಇದಕ್ಕೆ ‘ಎ ಲಿಟಲ್’ ಅಥವಾ ‘ಪರ್ಹ್ಯಾಪ್ಸ್’ ಅಂಟಿಸಿ ಹೇಳುವುದುಂಟು. ಕೇಳಲು ನಯ, ಒಳಗೆ ಮುಳ್ಳು. ನಮ್ಮ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಧ್ಯಾಹ್ನ ಮೇಸ್ತ್ರಿಗೆ ಮಜ್ಜಿಗೆ ಬಡಿಸುತ್ತ ಕೇಳುತ್ತಿದ್ದರು: “ಏನು ಮಾರಾಯ, ಆ ನಾಲ್ಕು ಕೋಲು ಇನ್ನೂ ಮುಗಿಯಲಿಲ್ಲವಾ?”