ಹೆಂಚು ಇಳಿಸಿ ಶೀಟ್ ಹಾಕಿಸಿದರೆ ಸಿಡಿಲು ಬಡಿಯುತ್ತಾ?

ಪ್ರಶ್ನೆ: ನಮ್ಮದು ಅರವತ್ತು ವರ್ಷದ ಹೆಂಚಿನ ಮನೆ. ಮಂಗನ ಕಾಟ ತಡೆಯೋಕಾಗ್ತಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ಜನವೂ ಸಿಗ್ತಿಲ್ಲ. ಎಲ್ಲ ಇಳಿಸಿ ಕಬ್ಬಿಣದ ಶೀಟ್ ಹಾಕಿಸೋಣ ಅಂತಿದ್ದೇವೆ. ಆದರೆ ಶೀಟ್ ಸಿಡಿಲನ್ನು ಎಳೆಯುತ್ತದೆ, ಬೇಡವೇ ಬೇಡ ಅಂತ ನಮ್ಮ ದೊಡ್ಡಪ್ಪ ಹಟ ಹಿಡಿದಿದ್ದಾರೆ. ನಿಜವೇ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಎಳೆಯುವುದಿಲ್ಲ.

ಭರಣಿ ಮಳೆ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಚಿತ್ತೆ, ಸ್ವಾತಿ ಮಳೆಗೆ ಇನ್ನೊಂದು ಸುತ್ತು. ನಾನೂ ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರಿಸುತ್ತೇನೆ, ಮುಂದಿನ ವರ್ಷ ಮತ್ತೆ ಅದೇ ಪ್ರಶ್ನೆ. ತಪ್ಪು ನನ್ನದೂ ಇದೆ. ಎರಡು ಸಾಲಿಗೆ ಬಗ್ಗುವ ನಂಬಿಕೆ ಇದಲ್ಲ. ಈ ಸಲ ಬುಡದಿಂದ ಬರೆಯುತ್ತೇನೆ. ದಯವಿಟ್ಟು ದೊಡ್ಡಪ್ಪನಿಗೆ ಓದಿ ಹೇಳಿ.

ಸಿಡಿಲು ಮೋಡದಿಂದ ಹೊರಡುವಾಗ ಕೆಳಗೆ ಹೆಂಚಿದೆಯೋ ಶೀಟ್ ಇದೆಯೋ ಅದಕ್ಕೆ ಗೊತ್ತೇ ಇರುವುದಿಲ್ಲ. ಮೋಡದ ತಳ ನೆಲದಿಂದ ಒಂದೆರಡು ಕಿಲೋಮೀಟರ್ ಮೇಲಿರುತ್ತದೆ. ಅಲ್ಲಿಂದ ವಿದ್ಯುತ್ತಿನ ಒಂದು ಎಳೆ ಸುಮಾರು 50 ಮೀಟರ್ ಉದ್ದದ ಹೆಜ್ಜೆ ಇಡುತ್ತಾ, ಕವಲೊಡೆಯುತ್ತಾ, ಅಂಕುಡೊಂಕಾಗಿ ಇಳಿಯುತ್ತದೆ. ನೆಲ ಇನ್ನೇನು ನೂರು ಮೀಟರ್ ಇದೆ ಅನ್ನುವಾಗ ಕೆಳಗಿರುವ ಎತ್ತರದ ವಸ್ತುಗಳ ತುದಿಯಿಂದಲೂ ಸಣ್ಣ ಎಳೆಗಳು ಮೇಲಕ್ಕೆ ಏಳುತ್ತವೆ. ಮೇಲಿನದಕ್ಕೆ ಯಾವುದು ಮೊದಲು ಸಿಕ್ಕಿತೋ ಅದರ ಮೂಲಕ ದಾರಿ ಪೂರ್ತಿಯಾಗುತ್ತದೆ. ಆಗ ನಮಗೆ ಕಾಣುವುದೇ ಮಿಂಚು.

ಇಲ್ಲಿ ಗೆಲ್ಲುವುದು ಎತ್ತರ. ಒಂಟಿಯಾಗಿ ನಿಂತಿರುವುದು, ತುದಿ ಚೂಪಾಗಿರುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಯಾವ ವಸ್ತುವಿನಿಂದ ಮಾಡಿದ್ದು ಅನ್ನುವುದು ಹೆಚ್ಚುಕಡಿಮೆ ಬರುವುದೇ ಇಲ್ಲ. ಕಿಲೋಮೀಟರುಗಟ್ಟಲೆ ಗಾಳಿಯನ್ನೇ ಸೀಳಿಕೊಂಡು ಬಂದ ಸಿಡಿಲಿಗೆ ಅರ್ಧ ಮಿಲಿಮೀಟರ್ ತಗಡು ಯಾವ ದೊಡ್ಡ ಆಸೆ? ನಿಮ್ಮ ತೋಟವನ್ನೇ ನೋಡಿ. ಸಿಡಿಲು ಬಡಿದು ಸುಳಿ ಸುಟ್ಟ ತೆಂಗಿನ ಮರ ಪ್ರತಿ ಊರಿನಲ್ಲೂ ಇದೆ ಅಲ್ವಾ? ಆ ಮರದಲ್ಲಿ ಎಲ್ಲಿತ್ತು ಕಬ್ಬಿಣ?

ಈ ನಂಬಿಕೆ ಎಲ್ಲಿಂದ ಬಂತು ಅಂತಲೂ ಯೋಚಿಸಿದ್ದೇನೆ. ಗುಡುಗು ಜೋರಾದರೆ ನಮ್ಮಜ್ಜಿ ಒಂದು ಕತ್ತಿಯನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಕಬ್ಬಿಣ ಸಿಡಿಲನ್ನು ತನ್ನ ಕಡೆ ಎಳೆದುಕೊಂಡು ಮನೆಯನ್ನು ಉಳಿಸುತ್ತದೆ ಅನ್ನುವುದು ಅವರ ಲೆಕ್ಕ. ಪ್ರೀತಿಯ ಲೆಕ್ಕ, ಆದರೆ ತಪ್ಪು ಲೆಕ್ಕ. ನೆಲಕ್ಕೆ ಅಂಟಿಕೊಂಡು ಬಿದ್ದಿರುವ ಕತ್ತಿ ಸಿಡಿಲಿಗೆ ಕಾಣುವುದೇ ಇಲ್ಲ. ಅದೇ ಲೆಕ್ಕವನ್ನು ನಾವು ಈಗ ಮಾಡಿಗೆ, ಅಂದರೆ ಮನೆಯ ಚಾವಣಿಗೆ, ಹಚ್ಚಿದ್ದೇವೆ: ಒಂದು ಕತ್ತಿಯೇ ಎಳೆದರೆ ಇಡೀ ಮನೆ ಮೇಲೆ ಹಾಸಿದ ತಗಡು ಎಷ್ಟು ಎಳೆಯಬೇಡ ಅಂತ.

ಕಟ್ಟಡಕ್ಕೆ ಸಿಡಿಲ ಕಂಬಿ ನೆಡುತ್ತಾರಲ್ಲ, ಅದು ಎಳೆಯುವುದಿಲ್ವಾ ಅಂತ ಮುಂದಿನ ಪ್ರಶ್ನೆ. ಆ ಕಂಬಿ ಇರುವುದು ಕಟ್ಟಡದ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ. ಹೇಗೂ ಆ ಕಟ್ಟಡಕ್ಕೆ ಬಡಿಯಬೇಕಾದ ಸಿಡಿಲನ್ನು ಹಿಡಿದು, ಗೋಡೆಗೆ ತೊಂದರೆ ಕೊಡದೆ ಮಣ್ಣಿಗೆ ಇಳಿಸುವುದು ಅದರ ಕೆಲಸ. ದೂರದಲ್ಲಿ ಹೋಗುತ್ತಿದ್ದ ಸಿಡಿಲನ್ನು ಕರೆದು ತರುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಸಾಕ್ಷಿ ಎಲ್ಲರ ಬಾಯಲ್ಲೂ ಇರುತ್ತದೆ. ‘ಪಕ್ಕದ ಮನೆಯವರು ಶೀಟ್ ಹಾಕಿಸಿದ ವರ್ಷವೇ ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಯ್ತು!’ ಟಿವಿ ಸುಟ್ಟದ್ದು ನಿಜ ಇರಬಹುದು. ಆದರೆ ಟಿವಿ ಸುಡುವ ಏಟು ಹೆಚ್ಚಾಗಿ ಬರುವುದು ವೈರಿನಲ್ಲಿ. ದೂರದ ಲೈನಿಗೆ ಎಲ್ಲೋ ಸಿಡಿಲು ಬಡಿದರೂ ಅದರ ಏಟು ತಂತಿಯಲ್ಲಿ ಹರಿದು ಮೀಟರ್ ಬೋರ್ಡಿಗೆ ಬರುತ್ತದೆ. ಹೆಂಚಿನ ಮನೆಗೂ ಬರುತ್ತದೆ, ತಾರಸಿ ಮನೆಗೂ ಬರುತ್ತದೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ ಇದಕ್ಕೇ ಬಂದದ್ದು. ಹೆಂಚಿನ ಮನೆಯಲ್ಲೂ ಕೀಳುತ್ತಿದ್ದಿರಿ ತಾನೆ?

ಸರಿ, ದುರದೃಷ್ಟಕ್ಕೆ ಮನೆಗೇ ಬಡಿಯಿತು ಅಂತಿಟ್ಟುಕೊಳ್ಳಿ. ಆಗ ಹೆಂಚು ಒಳ್ಳೆಯದಾ, ಶೀಟಾ? ಒಂದು ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಕರೆಂಟ್ ಇರುತ್ತದೆ. ಅದು ಹೆಂಚಿನ ಮಾಡಿಗೆ ಬಡಿದರೆ ದಾರಿ ಹುಡುಕಿಕೊಂಡು ಹೆಂಚನ್ನು ಹೊತ್ತ ಮರದ ಒದ್ದೆಯಾದ ಪಕ್ಕಾಸು, ರೀಪಿನ ಮೂಲಕ ಹರಿಯುತ್ತದೆ. ಮರದೊಳಗಿನ ನೀರು ಒಂದೇ ಕ್ಷಣದಲ್ಲಿ ಆವಿಯಾಗಿ ಮರ ಸಿಡಿಯುತ್ತದೆ, ಬೆಂಕಿಯೂ ಹತ್ತಬಹುದು. ಲೋಹದಲ್ಲಿ ಅದೇ ಕರೆಂಟ್ ಸಲೀಸಾಗಿ ಹರಡುತ್ತದೆ, ಶೀಟಿಗೆ ಬೆಂಕಿ ಹತ್ತುವುದಿಲ್ಲ. ವಿಮಾನದ ಮೈ ಲೋಹದ್ದೇ. ಒಂದೊಂದು ಪ್ರಯಾಣಿಕ ವಿಮಾನಕ್ಕೂ ಸರಾಸರಿ ವರ್ಷಕ್ಕೊಂದು ಸಲ ಸಿಡಿಲು ಬಡಿಯುತ್ತದೆ. ಒಳಗಿದ್ದವರು ಊಟ ಮಾಡುತ್ತಾ ಕೂತಿರುತ್ತಾರೆ. ಕಾರಿನೊಳಗೆ ಕೂತವರು ಉಳಿಯುವುದೂ ಸುತ್ತಲಿನ ಲೋಹದಿಂದ. ಟೈರಿನ ರಬ್ಬರಿನಿಂದ ಅನ್ನುವುದು ಇನ್ನೊಂದು ತಪ್ಪು ಕಥೆ.

ಒಂದೇ ಒಂದು ಷರತ್ತು ಇದೆ, ಇದನ್ನು ಮಾತ್ರ ಮರೆಯಬೇಡಿ. ಶೀಟಿಗೆ ಬಂದ ಕರೆಂಟಿಗೆ ಮಣ್ಣಿಗೆ ಇಳಿಯುವ ದಾರಿ ಇರಬೇಕು. ಮರದ ಕಂಬದ ಮೇಲೆ ಸುಮ್ನೆ ಶೀಟ್ ಹೊದಿಸಿ ಬಿಟ್ಟರೆ ಆ ಕರೆಂಟ್ ಹತ್ತಿರದ ವೈರಿಗೋ, ಕೆಳಗೆ ನಿಂತವರಿಗೋ ಹಾರಬಹುದು. ಅದಕ್ಕೆ ಮಾಡಿನ ಎರಡು ಎದುರು ಮೂಲೆಗಳಿಂದ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಇಳಿಸಿ, ಅರ್ಥಿಂಗ್ ಗುಂಡಿಗೆ ಸೇರಿಸಿ. ಅದನ್ನು ಮನೆಯ ಕರೆಂಟಿನ ಅರ್ಥಿಂಗ್ ಜೊತೆಗೂ ಜೋಡಿಸಬೇಕು. ಅರ್ಥಿಂಗಿನ ರೋಧದ ಅಳತೆ 10 ಓಮ್‌ನೊಳಗೆ ಬರಲಿ. ಸಿಡಿಲಿನಿಂದ ರಕ್ಷಣೆಗೆ ನಮ್ಮಲ್ಲಿ ಬಳಸುವ ಐಎಸ್/ಐಇಸಿ 62305 ಮಾನದಂಡ, ಕನಿಷ್ಠ 0.5 ಮಿ.ಮೀ. ದಪ್ಪದ ಉಕ್ಕಿನ ಶೀಟನ್ನೇ ಸಿಡಿಲು ಹಿಡಿಯುವ ಭಾಗವಾಗಿ ಬಳಸಲು ಒಪ್ಪುತ್ತದೆ. ಬಡಿದ ಜಾಗದಲ್ಲಿ ಸಣ್ಣ ತೂತು ಬೀಳಬಹುದು, ಹಾಗಾಗಿ ಶೀಟಿಗೆ ತಾಗಿ ಹುಲ್ಲು, ಸೋಗೆಯಂಥದ್ದು ಇಡಬಾರದು. ಅಂಗಡಿಯಲ್ಲಿ 0.35, 0.40 ಶೀಟ್ ತೋರಿಸಿ ‘ಇದೇ ಸಾಕು’ ಅಂದರೆ ಒಪ್ಪಬೇಡಿ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಟೆರೇಸ್ ಸೋರುತ್ತದೆ ಅಂತ ಮೇಲೊಂದು ಶೀಟ್ ಮಾಡು ಕಟ್ಟಿಸುವುದು ಈಗ ಜಾಸ್ತಿ. ಅವರಿಗೂ ಇದೇ ಉತ್ತರ. ಆದರೆ ಮೊದಲೇ ಇದ್ದ ಸಿಡಿಲ ಕಂಬಿ ಈಗ ಶೀಟಿನ ಕೆಳಗೆ ಉಳಿದುಬಿಟ್ಟಿದೆಯಾ ನೋಡಿ. ಹಾಗಿದ್ದರೆ ಅದನ್ನು ಮೇಲೆ ತಂದು, ಶೀಟು, ಅದನ್ನು ಹೊತ್ತ ಟ್ರಸ್ (ಚೌಕಟ್ಟು) ಎಲ್ಲವನ್ನೂ ಕಂಬಿಯಿಂದ ಮಣ್ಣಿಗಿಳಿಯುವ ಪಟ್ಟಿಗೇ ಸೇರಿಸಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಮೇಲ್ಛಾವಣಿ ಎಲ್ಲರಿಗೂ ಸೇರಿದ ಜಾಗ. ಮೇಲಿನ ಮಹಡಿಯ ಒಬ್ಬರೇ ತೀರ್ಮಾನ ಮಾಡುವಂತಿಲ್ಲ.

ಸಿಡಿಲಿಗೆ ಹೆದರುವವರು ಹೆದರಬೇಕಾದ ಎರಡು ವಿಷಯ ಕೇಳುವುದೇ ಇಲ್ಲ. ಮೊದಲನೆಯದು ಕಂಬದಿಂದ ಬರುವ ಸರ್ವಿಸ್ ವೈರ್. ಅದು ಶೀಟಿನ ಅಂಚಿಗೋ ಪೈಪಿಗೋ ಉಜ್ಜಿ ಸಿಪ್ಪೆ ಸವೆದರೆ ಇಡೀ ಮಾಡಿಗೆ ಕರೆಂಟ್. ವೈರನ್ನು ದೂರ ಕಟ್ಟಿಸಿ, ಬೋರ್ಡಿಗೆ 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಎರಡನೆಯದು ಗಾಳಿ. ಒಂದು ಮಂಗಳೂರು ಹೆಂಚು ಸುಮಾರು ಎರಡೂವರೆ ಕಿಲೋ. ಸಾವಿರ ಚದರ ಅಡಿ ಮಾಡಿನ ಮೇಲೆ ಮೂರೂವರೆ ಟನ್ ಭಾರ ಕೂತಿರುತ್ತದೆ. ಅಷ್ಟೇ ಮಾಡಿಗೆ ಶೀಟಿನ ತೂಕ ನಾಲ್ಕು ಕ್ವಿಂಟಲ್ ಚಿಲ್ಲರೆ. ಹೆಂಚಿನ ಮಾಡು ತನ್ನ ಭಾರಕ್ಕೇ ಕೂತಿರುತ್ತಿತ್ತು, ಶೀಟನ್ನು ಸ್ಕ್ರೂ ಹಿಡಿದಿರಬೇಕು. ಸೂರಿನಂಚಿನಲ್ಲಿ ಸ್ಕ್ರೂ ಒತ್ತಾಗಿರಲಿ. ಟ್ರಸ್ಸಿನ ಕಾಲನ್ನು ಗೋಡೆಯ ಕಾಂಕ್ರೀಟಿಗೆ ಬೋಲ್ಟ್ ಮಾಡಿಸಿ. ಸೆಕೆ ಮತ್ತು ಮಳೆ ಸದ್ದಿನ ಬಗ್ಗೆ ಹೇಳುವುದಾದರೆ, ನಿಮ್ಮ ಮನೆಗೆ ಹಲಗೆ ಮುಚ್ಚಿಗೆ (ಮಾಡಿನ ಕೆಳಗಿನ ಮರದ ಒಳಚಾವಣಿ) ಇದ್ದು, ಅದನ್ನು ಕೀಳಿಸದಿದ್ದರೆ ಎರಡನ್ನೂ ಬಹುಪಾಲು ತಡೆಯುತ್ತದೆ.

ಇನ್ನು ನೀವು ಕೇಳದ ಒಂದು ವಿಷಯ, ನನಗೆ ಮನಸ್ಸಿಗೆ ಹತ್ತಿರದ್ದು. ಇಳಿಸಿದ ಹೆಂಚನ್ನು ಏನು ಮಾಡುತ್ತೀರಿ? ಒಂದನ್ನು ತಿರುಗಿಸಿ ಹಿಂಬದಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕೆಲಸ ಅದು. ಆಮೇಲೆ ನೇತ್ರಾವತಿ ದಡದ ಮಣ್ಣಿನಿಂದ ಎಷ್ಟೋ ಕಾರ್ಖಾನೆಗಳು ಎದ್ದವು. ಒಂದೊಂದು ಕಾರ್ಖಾನೆಯ ಅಚ್ಚು ಸ್ವಲ್ಪ ಸ್ವಲ್ಪ ಬೇರೆ. ಒಂದರ ಹೆಂಚು ಇನ್ನೊಂದರ ಅಂಚಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹತ್ತಿರದ ಹಳೆ ಮನೆಯವರು, ದೇವಸ್ಥಾನದವರು ಒಡೆದ ಹೆಂಚಿಗೆ ಅದೇ ಕಂಪನಿಯದ್ದು ಸಿಗದೆ ಒದ್ದಾಡುತ್ತಿರುತ್ತಾರೆ. ಟ್ರ್ಯಾಕ್ಟರಿನಲ್ಲಿ ತುಂಬಿ ರಸ್ತೆ ಗುಂಡಿಗೆ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ. ನಿಮ್ಮ ಕೊಟ್ಟಿಗೆಗೆ, ಬಚ್ಚಲಿಗೆ ಬೇಕಾದಷ್ಟನ್ನು ಇಟ್ಟುಕೊಳ್ಳಿ, ಗಾಜಿನ ಹೆಂಚನ್ನಂತೂ ಒಂದೂ ಬಿಡಬೇಡಿ. ಜೋಡಿಸುವಾಗ ಮಲಗಿಸಿ ಪೇರಿಸಬೇಡಿ, ಅಡಿಯವು ಒಡೆಯುತ್ತವೆ. ಗೋಡೆಗೆ ಒರಗಿಸಿ, ನಿಲ್ಲಿಸಿ ಜೋಡಿಸಿ.