'ಕ್ರೈಸ್ತೋತ್ತರ' ಅಂದರೇನು? ನ್ಯೂಬಿಗಿನ್ ಓದುವ ಗೆಳೆಯರಿಗೆ

ಇಂಗ್ಲೆಂಡಿನ ಮಿಷನರಿ ಲೆಸ್ಲಿ ನ್ಯೂಬಿಗಿನ್ ಅವರ ಬರಹ ಓದುವ, ಮೈಸೂರಿನ ನಮ್ಮ ಗುಂಪಿನಲ್ಲಿ ಹೆಚ್ಚಿನವರು ತಪ್ಪು ಮಾಡುವುದು ಈ ಒಂದು ಪದದಲ್ಲಿ. ಕ್ರೈಸ್ತೋತ್ತರ ಸಮಾಜ ಅಂದರೆ ಕ್ರೈಸ್ತರು ಕಡಿಮೆ ಇರುವ ಸಮಾಜ ಅಂತ ಪರೀಕ್ಷೆಯಲ್ಲಿ ಬರೆದುಬಿಡುತ್ತಾರೆ. ಹಾಗಲ್ಲ. ಮೈಸೂರು, ಮಂಡ್ಯ ಎಂದೂ ಕ್ರೈಸ್ತ ಸಮಾಜ ಆಗಿರಲೇ ಇಲ್ಲ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ನಾವು ಕ್ರೈಸ್ತರು ಶೇಕಡಾ 2.3 ಮಾತ್ರ. ಒಂದು ಕಾಲಕ್ಕೆ ಕ್ರೈಸ್ತವಾಗಿದ್ದು, ಈಗ ಅದನ್ನು ದಾಟಿ ಬಂದಿದ್ದೇವೆ ಅಂದುಕೊಂಡಿರುವ ಸಮಾಜಕ್ಕೆ ಆ ಹೆಸರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಲ್ಲಿ ಶೇಕಡಾ 59.3 ಜನ ಕ್ರೈಸ್ತರು ಅಂತ ಬರೆಸಿದ್ದರು. 2021ಕ್ಕೆ ಅದು 46.2ಕ್ಕೆ ಇಳಿಯಿತು. ಶೇಕಡಾ 37.2 ಜನ ಯಾವ ಧರ್ಮವೂ ಇಲ್ಲ ಅಂದರು.

ನಮ್ಮ ಊರಲ್ಲಿ ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಕೇಳುವವರಿಗೆ ಅದು ಪಕ್ಕದ ಮನೆಯವರ ದೇವರ ವಿಷಯ. ಇಂಗ್ಲೆಂಡಿನಲ್ಲಿ ಅದು ಅಜ್ಜಿ ಕಾಲದ ವಿಷಯ. ಗೊತ್ತಿಲ್ಲದವರಿಗೆ ಹೇಳಬಹುದು. ಎಲ್ಲಾ ಗೊತ್ತು ಅನ್ನುವವರಿಗೆ ಹೇಳುವುದು ಜಾಸ್ತಿ ಕಷ್ಟ ಅಲ್ವಾ?

ಇದನ್ನು ಕಣ್ಣಾರೆ ಕಂಡವರು ಲೆಸ್ಲಿ ನ್ಯೂಬಿಗಿನ್. 1936ರಲ್ಲಿ ಮಿಷನರಿಯಾಗಿ ಮದ್ರಾಸಿಗೆ ಬಂದರು. ತಮಿಳು ಕಲಿತರು. ಕಾಂಚೀಪುರದಲ್ಲಿ ರಾಮಕೃಷ್ಣ ಮಿಷನ್ನಿನವರ ಜೊತೆ ಕೂತು ಉಪನಿಷತ್ತು ಓದಿದರು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ. ಚರ್ಚ್) ಹುಟ್ಟಿದಾಗ ಅದರ ಮೊದಲ ಬಿಷಪ್ಪರಲ್ಲಿ ಒಬ್ಬರಾದರು. 1974ರಲ್ಲಿ ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿ ಕಂಡದ್ದು ಜನರಲ್ಲಿ ಭರವಸೆಯೇ ಇಲ್ಲದಿರುವುದು. ಮದ್ರಾಸಿನ ಕೊಳೆಗೇರಿಯಲ್ಲೂ ನಾಳೆ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಇತ್ತು, ಇಂಗ್ಲೆಂಡಿನಲ್ಲಿ ಅದೂ ಇಲ್ಲ ಅಂತ ಬರೆದರು. ಈ ಸಾಲಿನ ಹತ್ತಿರ ನಾನು ತುಂಬಾ ಹೊತ್ತು ನಿಂತೆ. ಕಾಣಿಕೆ ಕೊಟ್ಟು ನಮ್ಮ ಕಡೆಗೆ ಮಿಷನರಿಗಳನ್ನು ಕಳಿಸಿದ ನಾಡೇ ಈಗ ಮಿಷನ್ ಕ್ಷೇತ್ರ, ಸುವಾರ್ತೆ ಹೇಳಬೇಕಾದ ಜಾಗ, ಅನ್ನುವುದನ್ನು ಅವರಿಗೆ ಕಾಣಿಸಿದ್ದು ಭಾರತದಲ್ಲಿ ಕಳೆದ ವರ್ಷಗಳು.

ಹಾಗಾದರೆ ಏನು ಮಾಡಬೇಕು? ಅವರ ಉತ್ತರವನ್ನು ಬಾಯಿಪಾಠ ಮಾಡಬೇಡಿ, ಅರ್ಥ ಮಾಡಿಕೊಳ್ಳಿ. ಸುವಾರ್ತೆಯನ್ನು ಜನರಿಗೆ ಬಿಡಿಸಿ ಹೇಳುವುದು ಅದನ್ನು ನಂಬಿ ಬದುಕುವ ಸಭೆಯೇ, ಅಂದರೆ ಚರ್ಚಿನ ಜನರೇ, ವಾದ ಅಲ್ಲ. ಅವರು ಸುಮ್ನೆ ಹೇಳಿ ಬಿಡಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ವಿನ್ಸನ್ ಗ್ರೀನ್‌ನಲ್ಲಿ, ಜೈಲಿನ ಎದುರಿಗಿದ್ದ ಒಂದು ಪುಟ್ಟ ಸಭೆಗೆ ಇಳಿವಯಸ್ಸಿನಲ್ಲಿ ಪಾದ್ರಿಯಾದರು.

ನಮ್ಮ ಹತ್ತಿರದ ಇನ್ನೊಂದು ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. ಮಾಂಸ ಬಿಟ್ಟರು, ಇಲ್ಲಿಯವರ ಉಡುಪು ತೊಟ್ಟರು, ಸಿಡುಬಿಗೆ ಲಸಿಕೆ ಹಾಕಿಸಲು ದುಡಿದರು. ಆದರೂ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಅಂತ ಬರೆದು 1823ರಲ್ಲಿ ಹೊರಟುಹೋದರು. ಎಷ್ಟು ಜನ ಸೇರಿದರು ಅಂತ ಎಣಿಸಿದರೆ ಅವರು ಸೋತರು. ನನಗೆ ಹಾಗೆ ಎಣಿಸಲು ಮನಸ್ಸಿಲ್ಲ. ಅವರ ಲಸಿಕೆಯಿಂದ ಉಳಿದ ಮಗುವಿನ ತಾಯಿಗೆ ಅವರು ಸೋತ ಪಾದ್ರಿ ಅಲ್ಲ.

1906ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ಅಂತ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಮೈಸೂರಿನವರು ಈಗಲೂ 'ಮಿಷನ್ ಆಸ್ಪತ್ರೆ' ಅನ್ನುತ್ತಾರೆ. ಮಿಷನ್ ಅನ್ನುವ ಪದ ಕೇಳಿದರೆ ಎಷ್ಟೋ ಮನೆಗಳಲ್ಲಿ ಮೊದಲು ನೆನಪಾಗುವುದು ಹೆರಿಗೆ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಹಬ್ಬಕ್ಕೆ ಮಾತ್ರ ಆರಾಧನೆಗೆ ಬರುತ್ತಿದ್ದಾರೆ. ಅವರಿಗೂ ಇದು ಅಜ್ಜಿ ಕಾಲದ ವಿಷಯ ಆಗುತ್ತಿದೆಯಾ? ಮುಂದಿನ ವಾರ ಅವರಲ್ಲಿ ಒಬ್ಬರನ್ನಾದರೂ ಗುಂಪಿಗೆ ಕರೆದುಕೊಂಡು ಬನ್ನಿ. ನಾವು ಮಾತಾಡುವುದು ಬೇಡ, ಅವರು ಹೇಳುವುದನ್ನು ಕೇಳೋಣ.